ಚೀಟಿಯ ಹಿಂಬದಿಯ ಸಹಿ

ಮಾನ್ಯ ಅಧೀಕ್ಷಕರಿಗೆ,

ನೀವು ಕೇಳಿದ ವಿವರಣೆ ಇದು. ಕ್ಷಮಾಪಣೆಯನ್ನೂ ಕೇಳಿದ್ದೀರಿ, ಅದು ಇದರಲ್ಲಿ ಇಲ್ಲ.

ಸೋಮವಾರ ಬೆಳಿಗ್ಗೆ ಹೊಟ್ಟೆನೋವೆಂದು ತುರ್ತು ವಿಭಾಗಕ್ಕೆ ಬಂದ ಇಪ್ಪತ್ತಮೂರು ವರ್ಷದವಳ ಚೀಟಿಯಲ್ಲಿ 'ಅವಿವಾಹಿತೆ' ಎಂದಿತ್ತು. ನಮ್ಮಲ್ಲಿ ಆ ಒಂದು ಪದವೇ ಸ್ಕ್ಯಾನ್ ಯಾವುದೆಂದು ತೀರ್ಮಾನಿಸಿಬಿಡುತ್ತದೆ. ಮದುವೆಯಾಗದವರಿಗೆ ಹೊಟ್ಟೆಯ ಮೇಲಿನಿಂದ ಮಾತ್ರ, ಅದೂ ನೀರು ಕುಡಿದು ಮೂತ್ರಕೋಶ ತುಂಬಿದ ಮೇಲೆ. ಅವಳು ಬೆಂಚಿನ ಮೇಲೆ ಮುದುಡಿಕೊಂಡು ಒಂದು ಗಂಟೆ ನೀರು ಕುಡಿದಳು. ಮೇಲಿನಿಂದ ನೋಡಿದಾಗ ಏನೂ ಸ್ಪಷ್ಟವಾಗಲಿಲ್ಲ. ಜೊತೆಗೆ ಬಂದಿದ್ದ ತಾಯಿಯನ್ನು ಹೊರಗೆ ಕೂರಿಸಿ, ಒಳಗಿನಿಂದ, ಅಂದರೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಎಂದರೇನೆಂದು ಅವಳಿಗೆ ಹೇಳಿದೆ. ಬೇಡವೆಂದರೆ ಬಿಡುತ್ತೇನೆಂದೂ ಹೇಳಿದೆ.

"ಮಾಡಿ ಮೇಡಂ. ಬಂದಾಗಿಂದ ಎಲ್ರೂ ಅಮ್ಮನ್ನೇ ಕೇಳ್ತಿದಾರೆ," ಎಂದಳು.

ಬಸಿರು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿತ್ತು. ಅದು ಒಡೆಯುವ ಮುಂಚೆ ಶಸ್ತ್ರಚಿಕಿತ್ಸೆ ಆಯಿತು. ಶಸ್ತ್ರಚಿಕಿತ್ಸೆಗೆ ಖಾಲಿ ಹೊಟ್ಟೆಯಲ್ಲಿರಬೇಕಾದವಳಿಗೆ ಹೊಟ್ಟೆ ತುಂಬ ನೀರು ಕುಡಿಸಿದ್ದಕ್ಕೆ ಅರಿವಳಿಕೆ ವೈದ್ಯರಿಂದ ಬೈಸಿಕೊಂಡವಳು ನಾನು.

ಈಗ ಅವಳ ಮನೆಯವರು ಮರ್ಯಾದೆ ಹೋಯಿತೆಂದು ದೂರು ಕೊಟ್ಟಿದ್ದಾರೆ. ಇನ್ನು ಮುಂದೆ ಮನೆಯವರ ಸಹಿ ಪಡೆದೇ ಈ ಸ್ಕ್ಯಾನ್ ಮಾಡಬೇಕೆಂದು ನೀವು ಬರೆದಿದ್ದೀರಿ. ನಾನು ಪಡೆಯುವುದಿಲ್ಲ. ಅವಳ ಸಹಿ ಚೀಟಿಯ ಹಿಂಬದಿಯಲ್ಲಿದೆ, ತಿರುಗಿಸಿ ನೋಡಿ.

ಮರ್ಯಾದೆಯ ಮಾತು ಬಂದದ್ದು ಒಳ್ಳೆಯದಾಯಿತು. ಸ್ಕ್ಯಾನ್ ಕೋಣೆಯ ಬಾಗಿಲಿಗೆ ಒಳಗಡೆ ಚಿಲಕವಿಲ್ಲವೆಂದು ನಿಮಗೆ ಮೂರು ಸಲ ಬರೆದಿದ್ದೇನೆ. ಆ ದಿನವೂ ನಮ್ಮ ಆಯಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ನನ್ನ ಮೇಲೆ ಯಾವ ಕ್ರಮ ಬೇಕಾದರೂ ಕೈಗೊಳ್ಳಿ. ಮೊದಲು ಬಡಗಿಯನ್ನು ಕಳಿಸಿ.

ಇಂತಿ,
ಸ್ಕ್ಯಾನ್ ಕೋಣೆಯ ವೈದ್ಯೆ