ಅಟ್ಟದ ಕಾಯಿ, ಬೆನ್ನಿನ ಮೂಳೆ

ಕಣಕಟ್ಟೆ
೧೨ ಫೆಬ್ರವರಿ ೨೦೨೫

ನಂದಿತಾಳ ಅಪ್ಪನವರಿಗೆ ಕಮಲಾಕ್ಷಿಯ ನಮಸ್ಕಾರ.

ಫೋನ್ ಮಾಡಿದರೆ ನಿಮ್ಮಕ್ಕನ ಕೈಗೆ ಕೊಟ್ಟು ಎದ್ದುಹೋಗುತ್ತೀರಿ. ಅದಕ್ಕೇ ಈ ಕಾಗದ. ಇಷ್ಟು ತಿಂಗಳಿಂದ ಬೇಲೂರಿನಲ್ಲೇ ಇದ್ದೀರಿ, ಅಕ್ಕನ ಮನೆಯ ಊಟ ಮೈಗೆ ಹಿಡಿಸಿರಬೇಕು.

ನೀವು ಕಳಿಸಿದ ತೋಟದ ಗುತ್ತಿಗೆ ಪತ್ರ ಬಂತು. ಸಹಿ ಹಾಕುವುದಿಲ್ಲ. ನನ್ನಪ್ಪ ನನ್ನ ಹೆಸರಿಗೆ ಬರೆದ ತೋಟ ಅದು.

ಸವೆದ ಡಿಸ್ಕ್ ತೆಗೆದು, ಸ್ಕ್ರೂ ರಾಡು ಹಾಕಿ ಬೆನ್ನುಮೂಳೆ ಕೂಡಿಸುವ ಮುಂಚೆಯೇ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರು, ಮೂಳೆ ಬೆಸೆಯಲು ವರ್ಷವೇ ಹಿಡಿಯಬಹುದು ಎಂದು. ನೀವೂ ತಲೆಯಾಡಿಸಿದಿರಿ. ನಾಲ್ಕು ತಿಂಗಳಾದರೂ ನಾನು ವಾಕರ್ ಬಿಡಲಿಲ್ಲವೆಂದು, ಬಾಗಿಲಲ್ಲಿ ನಿಂತು, ನನ್ನನ್ನು ನೋಡಲು ಬಂದಿದ್ದ ಅಕ್ಕನಿಗೆ 'ಇವ್ಳಿನ್ನು ಏಳಾಕಿಲ್ಲ ಕಣಕ್ಕ, ತೋಟ ಗುತ್ತಿಗೆಗೆ ಕೊಟ್ಬುಡಾನ' ಎಂದಿರಿ. ಆಪರೇಷನ್ ಆಗಿದ್ದು ನನ್ನ ಬೆನ್ನಿಗೆ, ಕಿವಿಗಲ್ಲ.

ಆಪರೇಷನ್ ಆದ ತಿಂಗಳೇ ಕೊಬ್ಬರಿಗೆಂದು ಅಟ್ಟಕ್ಕೆ ಕಾಯಿ ಹಾಕಿಸಿದಿರಿ. ಒಳಗಿನ ನೀರು ಇಂಗಲು ಹನ್ನೊಂದು ತಿಂಗಳಾದರೂ ಬೇಕು. ಒಂದನ್ನು ಒಡೆದು ನೋಡಲು ಹೋದ ನಂದಿತಾಳಿಗೆ, ಹೊತ್ತಿಗೆ ಮುಂಚೆ ಒಡೆದರೆ ಹಾಳು ಎಂದು ಗದರಿದಿರಿ. ಕಾಯಿಗೆ ಹನ್ನೊಂದು ತಿಂಗಳು ಕೊಡುವವರು ಹೆಂಡತಿಯ ಬೆನ್ನಿಗೆ ನಾಲ್ಕೇ ತಿಂಗಳು ಕೊಟ್ಟಿರಲ್ಲ! ನಾಚಿಕೆಯಾಗಬೇಕು ನಿಮಗೆ. ಬಾಗಿಲಲ್ಲಿ ನೀವು ಆ ಮಾತಾಡಿದ ದಿನ ನಾನು ಗೋಡೆ ಕಡೆ ತಿರುಗಿ ಅತ್ತೆ.

ಈಗ ಕೇಳಿ. ಕಳೆದ ವಾರ ಎಕ್ಸ್‌ರೇ ತೆಗೆದರು, ಮೂಳೆ ಕೂಡಿಕೊಂಡಿದೆ. ಕಾಲಿಗೆ ಬೆಂಕಿ ಇಟ್ಟಂತೆ ಇಳಿಯುತ್ತಿದ್ದ ನೋವು ಹೋಯಿತು. ಪೂರ್ತಿ ವಾಸಿಯಾದೆ ಎಂದು ಸುಳ್ಳು ಹೇಳಲಾರೆ. ಬೆಳಗ್ಗೆ ಸೊಂಟ ಬಿಗಿದಿರುತ್ತದೆ, ಭಾರ ಎತ್ತುವ ಹಾಗಿಲ್ಲ, ಪೂಜೆಗೂ ಕುರ್ಚಿಯೇ ಬೇಕು. ಆದರೆ ತೋಟದ ಕೊನೆಯ ಬದುವಿನವರೆಗೂ ವಾಕರ್ ಇಲ್ಲದೆ ನಡೆದು ಬರುತ್ತೇನೆ.

ನಿನ್ನೆ ಆಳುಗಳು ಕಾಯಿ ಇಳಿಸಿದರು. ಕುರ್ಚಿ ಹಾಕಿಕೊಂಡು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದೆ. ನೀರು ಪೂರ್ತಿ ಇಂಗಿ, ಒಳಗೆ ಕೊಬ್ಬರಿ ಗಡಗಡ ಅಂದಿತು. ಅಷ್ಟು ನಗು ನನಗೆ ಬಂದು ಯಾವ ಕಾಲವಾಗಿತ್ತೋ.

ತೋಟ ನಾನೇ ನೋಡಿಕೊಳ್ಳುತ್ತೇನೆ. ನೀವು ಬಂದರೂ ಸರಿ, ಬಾರದಿದ್ದರೂ ಸರಿ. ನಿಮ್ಮ ಗುತ್ತಿಗೆ ಪತ್ರದಿಂದ ಬಚ್ಚಲೊಲೆ ಹೊತ್ತಿಸಿದೆ, ನೀರು ಚೆನ್ನಾಗಿ ಕಾಯಿತು.

ಇಂತಿ,
ಎದ್ದು ನಿಂತಿರುವ
ಕಮಲಾಕ್ಷಿ

ಮರೆತಿದ್ದೆ: ಆಪರೇಷನ್ನಿಗೆ ಒಳಗೆ ಕರೆದೊಯ್ಯುವಾಗ ನರ್ಸು ನನ್ನ ಕಾಲುಂಗುರ ಬಿಚ್ಚಿ ನಿಮ್ಮ ಕೈಗೆ ಕೊಟ್ಟಿದ್ದರಲ್ಲ, ನೀವು ದೇವರ ಗೂಡಿನಲ್ಲಿಟ್ಟಿರಿ. ಇನ್ನೂ ಅಲ್ಲೇ ಇವೆ. ಪಾದದವರೆಗೆ ಬಗ್ಗಲು ನನ್ನ ಕೈಲಾಗುವುದಿಲ್ಲ. ನಂದಿತಾ ತೊಡಿಸುತ್ತೇನೆಂದಳು, ಬೇಡವೆಂದೆ. ಬಂದರೆ, ನೀವೇ ಬಗ್ಗಬೇಕು.