ಇಬ್ಬರಿಗೊಂದು ಕೋಣೆ, ನನಗೊಂದು ಗಂಟೆ

ಪ್ರಯಾಣ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಹೊರಗಿನ ಕೆಲಸಕ್ಕೆ ಹೋಗುವ ನೌಕರರು ಹೋಟೆಲಿನಲ್ಲಿ ಇಬ್ಬರಿಗೊಂದು ಕೋಣೆಯಂತೆ ತಂಗಬೇಕೆಂಬ ತಮ್ಮ ಸುತ್ತೋಲೆ ನನ್ನ ಬಾಯಿ ಕಟ್ಟಿಹಾಕಿದೆ. ಇದು ಅಲಂಕಾರದ ಮಾತಲ್ಲ. ನಾನು ತೊದಲುತ್ತೇನೆ. ಒಂಟಿ ಕೋಣೆಗಳ ಮರೆಯಲ್ಲಿ ಆರು ವರ್ಷ ಕಾಪಾಡಿಕೊಂಡು ಬಂದ ಈ ಗುಟ್ಟನ್ನು ಇಂದು ಈ ಪತ್ರದ ರೂಪದಲ್ಲಿ ನಾನೇ ಆಫೀಸಿನ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದೇನೆ. ಬೇರೆ ದಾರಿ ಉಳಿದಿಲ್ಲ.

ಇದರಿಂದ ನೌಕರರಲ್ಲಿ ಆತ್ಮೀಯತೆ ಬೆಳೆಯುತ್ತದೆ ಎಂದು ಬರೆದಿದ್ದೀರಿ. ಬೆಳೆಯಿತು ಸ್ವಾಮಿ, ಬಚ್ಚಲುಮನೆಯ ಬಾಗಿಲವರೆಗೂ ಬೆಳೆಯಿತು. ಅಂದ ಹಾಗೆ, ತಾವು ಪ್ರವಾಸ ಹೋದಾಗ ಯಾರೊಡನೆ ಆತ್ಮೀಯತೆ ಬೆಳೆಸಿಕೊಳ್ಳುತ್ತೀರಿ?

ನನ್ನ ಕೆಲಸ ತಮಗೆ ಗೊತ್ತು. ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಔಷಧ ಬಿಡುವ ನಮ್ಮ ಪಂಪನ್ನು ಹೇಗೆ ಬಳಸಬೇಕೆಂದು ಆಸ್ಪತ್ರೆಯ ನರ್ಸುಗಳಿಗೆ ಕಲಿಸುವುದು. ತೊದಲನಿಗೆ ಮಾತಿನ ಕೆಲಸ ಯಾಕೆ ಬೇಕಿತ್ತು ಎಂದು ಕೇಳುವಿರಾದರೆ, ನನ್ನ ಅಕ್ಕನನ್ನು ಕೇಳಬೇಕು. ಎಂಟನೇ ವಯಸ್ಸಿನಲ್ಲಿ ಮೇಷ್ಟ್ರು ನನ್ನನ್ನು ಪದ್ಯ ಹೇಳುವ ಸಾಲಿನಿಂದ ಎಬ್ಬಿಸಿ ಕಳಿಸಿದ ಮರುದಿನವೇ ಅವಳು ಬೆಳಗ್ಗೆ ನನ್ನನ್ನು ಕೋಣೆಯಲ್ಲಿ ಕೂರಿಸಿದಳು. "ಬಾಗಿಲು ಹಾಕಿದೀನಿ ಕಣೋ. ಯಾರೂ ಕೇಳಿಸ್ಕೊಳ್ಳಲ್ಲ. ಎಷ್ಟು ಸಲ ಬೇಕಾದ್ರೂ ಎಡವು" ಅಂದಳು. ಅಂದಿನಿಂದ ದಿನಾ ಒಂದು ಗಂಟೆ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದುತ್ತೇನೆ. ಆ ಗಂಟೆ ಸಿಕ್ಕರೆ ದಿನವಿಡೀ ನಾಲಿಗೆ ನನ್ನ ಮಾತು ಕೇಳುತ್ತದೆ. ಸಿಗದಿದ್ದರೆ 'ಪ' ಅಕ್ಷರದ ಮುಂದೆ ಮೊಂಡು ಎತ್ತಿನಂತೆ ನಿಂತುಬಿಡುತ್ತದೆ. ಕಲಿಸಬೇಕಾದದ್ದೋ, ಪಂಪು! ಹಣೆಬರಹ ಬರೆದವನಿಗೂ ತಮಾಷೆ ಬೇಕಿತ್ತೇನೋ.

ಕಳೆದ ತಿಂಗಳ ಪ್ರವಾಸದಲ್ಲಿ ಹೋಟೆಲಿನ ನನ್ನ ಕೋಣೆಗೆ ಬಂದವರು ನಮ್ಮ ಹಿರಿಯ ಮೆಕ್ಯಾನಿಕ್, ಆಫೀಸಿಗೆಲ್ಲ 'ಭಾವ'. ಚಿನ್ನದಂಥ ಮನುಷ್ಯ. ಬೆಳಗ್ಗೆ ನಾನು ಬಚ್ಚಲುಮನೆ ಹೊಕ್ಕು, ನಲ್ಲಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಓದಲು ಶುರುಮಾಡಿದೆ. ನಾಲ್ಕು ಸಲ 'ಪ' ಅನ್ನುವಷ್ಟರಲ್ಲಿ ಬಾಗಿಲು ದಬದಬ.

"ಏನಪ್ಪಾ, ವಾಂತಿನಾ? ಬಾಗಿಲು ತೆಗಿ, ಬೆನ್ನು ನೀವ್ತೀನಿ."

"ಏ... ಏನಿಲ್ಲ ಭಾವ."

"ಏನಿಲ್ಲ ಅಂತೀಯ, ಕರುಳು ಕಿತ್ತು ಬರೋ ಹಾಗೆ ಸದ್ದು ಮಾಡ್ತೀಯಲ್ಲೋ!"

ತಿಂಡಿಯ ಹೊತ್ತಿಗೆ ಅವರು ನನ್ನ ತಟ್ಟೆ ಎತ್ತಿಟ್ಟು ಬಿಸಿನೀರಿನ ಲೋಟ ಮುಂದಿಟ್ಟರು. ಮರುದಿನ ಪುಸ್ತಕ ಹಿಡಿದು ಮೆಟ್ಟಿಲ ತಿರುವಿಗೆ ಹೋದೆ. ಹೋಟೆಲಿನ ಕಾವಲುಗಾರ, "ಸಾರ್, ಪಕ್ಕದ ರೂಮಿನೋರು ಬೈತಾ ಇದ್ದಾರೆ" ಎಂದು ಮರ್ಯಾದೆಯಿಂದಲೇ ಅಟ್ಟಿದ.

ಅದೇ ದಿನ ಹತ್ತು ಗಂಟೆಗೆ ಇಪ್ಪತ್ತು ನರ್ಸುಗಳ ಮುಂದೆ ನಿಂತಿದ್ದೆ. ಮುಖ್ಯ ನರ್ಸ್ ಕೇಳಿದರು: "ಪೈಪಲ್ಲಿ ಗಾಳಿ ಬಂದು ಅಲಾರಂ ಹೊಡ್ಕೊಂಡ್ರೆ ಮೊದಲು ಏನು ಮಾಡ್ಬೇಕು?" ಪಂಪ್ ನಿಲ್ಲಿಸಿ ಪೈಪಿನ ಕ್ಲಿಪ್ ಮುಚ್ಚಬೇಕು. ಉತ್ತರ ಗಂಟಲಿನಲ್ಲೇ ಇತ್ತು. ತುಟಿ ಮುಚ್ಚಿತು, ತೆರೆಯಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಮುಖ್ಯ ನರ್ಸ್ ಗೋಡೆ ನೋಡತೊಡಗಿದರು; ನಗುವಿಗಿಂತ ಅದೇ ಹೆಚ್ಚು ಸುಟ್ಟಿತು. ಕೊನೆಗೆ ಹಿಂದಿನ ಸಾಲಿನಿಂದ ಭಾವನೇ ಎದ್ದು ಉತ್ತರ ಹೇಳಿದರು. 'ಈ ತರಬೇತುದಾರರನ್ನು ಮತ್ತೆ ಕಳಿಸಬೇಡಿ' ಎಂದು ಆಸ್ಪತ್ರೆಯಿಂದ ಪತ್ರ ಬಂತು. ಇನ್ನೊಂದು ಇಂಥ ಪತ್ರ ಬಂದರೆ ನನ್ನನ್ನು ಗೋದಾಮಿಗೆ ಹಾಕುವುದಾಗಿ ಕಂಪನಿ ತಿಳಿಸಿದೆ.

ಹಿಂದಿರುಗುವಾಗ ಬಸ್ಸಿನಲ್ಲಿ ಭಾವನಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಹಿಡಿಯಿತು. ಅವರು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. "ಮೊದಲೇ ಹೇಳ್ಬಾರ್ದಾ ಮಾರಾಯ? ಒಂದು ಗಂಟೆ ವಾಕಿಂಗ್ ಹೋಗ್ತಿದ್ದೆ. ನಂಗೂ ಹೊಟ್ಟೆ ಕರಗ್ತಿತ್ತು."

ಆರೋಗ್ಯದ ಕಾರಣ ಎಂದಷ್ಟೇ ಬರೆದು, ಒಂಟಿ ಕೋಣೆ ಕೊಡಿ ಎಂದು ಅರ್ಜಿ ಹಾಕಿದೆ. ವೈದ್ಯರ ಪ್ರಮಾಣಪತ್ರ ತನ್ನಿ ಎಂದಿರಿ. ವೈದ್ಯರು, "ನಿಮಗೆ ಕಾಯಿಲೆ ಏನೂ ಇಲ್ವಲ್ಲ, ಏನಂತ ಬರೀಲಿ?" ಎಂದರು. ತಮಗೇ ಫೋನ್ ಮಾಡಿದೆ. ನಾನು ಹೆಸರು ಹೇಳುವಷ್ಟರಲ್ಲಿ ತಾವು, "ಹಲೋ, ಹಲೋ, ಲೈನ್ ಸರಿ ಇಲ್ಲ" ಎಂದು ಇಟ್ಟುಬಿಟ್ಟಿರಿ. ಎರಡನೇ ಸಲವೂ ಅಷ್ಟೇ. ಲೈನ್ ಸರಿಯಾಗಿಯೇ ಇತ್ತು ಸ್ವಾಮಿ. ಅದು ನಾನು.

ಮುಂದಿನ ಬುಧವಾರ ಹೊಸ ಪ್ರವಾಸ, ನಾಲ್ಕು ಆಸ್ಪತ್ರೆ. ಜೊತೆಗೆ ಹಾಕಿರುವುದು ಮಾರಾಟ ವಿಭಾಗದ 'ರೇಡಿಯೋ'ವನ್ನು. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಆ ಕಷ್ಟ ಅವನಿಗೆ ಬೇಡವೆಂದೇ ಎಲ್ಲವನ್ನೂ ನಾನೇ ಬರೆದಿದ್ದೇನೆ. ನನಗೆ ದೊಡ್ಡ ಕೋಣೆ ಬೇಡ, ಕಿಟಕಿ ಬೇಡ, ಬೇಕಾದರೆ ಹಾಸಿಗೆಯೂ ಬೇಡ. ಒಳಗಿನಿಂದ ಚಿಲಕವಿರುವ ಒಂದು ಬಾಗಿಲು, ಒಂದು ಗಂಟೆ ಹೊತ್ತಿಗೆ. ಇದು ಆಗದ ಮಾತೇ?

ಸೋಮವಾರ ಬೆಳಗ್ಗೆ ತಮ್ಮ ಕಚೇರಿಗೆ ಬಂದು ಇದನ್ನೇ ಬಾಯಿಬಿಟ್ಟು ಕೇಳುತ್ತೇನೆ. ನಾಲ್ಕು ಮಾತಿಗೆ ಅರ್ಧ ಗಂಟೆ ಹಿಡಿಯಬಹುದು. ದಯವಿಟ್ಟು ಗಡಿಯಾರ ನೋಡಬೇಡಿ, ಗೋಡೆಯನ್ನೂ ನೋಡಬೇಡಿ. ನನ್ನ ವಾಕ್ಯವನ್ನು ತಾವು ಮುಗಿಸಲು ಹೋಗಬೇಡಿ. ನಾನು ಮುಗಿಸುತ್ತೇನೆ.

ಇಂತಿ,
ಕಾಗದದ ಮೇಲೆ ಮಾತ್ರ ತಡವರಿಸದ
ತಮ್ಮ ಪಂಪು ತರಬೇತುದಾರ