ಪೊಖರಾದ ಬಸ್ಸಿನಲ್ಲಿ ನಾನು ಹೇಳಿದ ಸುಳ್ಳು

ನವನಗರ, ಬಾಗಲಕೋಟೆ

ನನ್ನ ದಾನೇಶ್ವರಿ,

ಇದನ್ನು ನೀನು ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬದುಕಿದ್ದಾಗಲೂ ನನ್ನ ಕಾಗದ ಪೂರ್ತಿ ಓದಿದವಳಲ್ಲ ನೀನು. ‘ಭಾಳ ಉದ್ದ ಬರೀತಿ ನೋಡು’ ಎಂದು ಮಡಚಿಡುತ್ತಿದ್ದೆ.

ನಾವು ನೇಪಾಳ ಯಾತ್ರೆಗೆ ಹೋಗಿ ಎರಡು ವರ್ಷವಾಯಿತು. ತಿರುಗಿ ಬಂದವಳು ನಾನೊಬ್ಬಳೇ. ಪೊಖರಾದ ಹೋಟೆಲಿನಲ್ಲಿ ಯಾವ ಊಟ ತಾಗಿತೋ, ಯಾವ ನೀರೋ, ಬೆಳಗಾಗುವಷ್ಟರಲ್ಲಿ ನೀನು ಎಂಟು ಸಲ ಸಂಡಾಸಿಗೆ ಹೋಗಿದ್ದೆ. ಕಠ್ಮಂಡುವಿಗೆ ಹೊರಟ ಬಸ್ಸಿನ ತುಂಬ ಗಂಡಸರು. ದಾರಿಯಲ್ಲಿ ನಿಲ್ಲಿಸಿ ಎನ್ನಲು ನಿನಗೆ ನಾಚಿಕೆ. ‘ಯಾರಿಗೂ ಹೇಳಬ್ಯಾಡ ಕಸ್ತೂರಿ’ ಎಂದೆ. ನಾನೋ, ಶಾಣ್ಯಾಳಂತೆ ಉಪದೇಶ ಮಾಡಿದೆ: ‘ನೀರು ಕುಡೀಬ್ಯಾಡ. ಸಂಜೀತನಕ ತಡಕೋ. ಹೊಟ್ಟ್ಯಾಗ ಏನೂ ಇರಲಿಲ್ಲಂದ್ರ ತಾನ ನಿಲ್ಲತೈತಿ.’

ಶಿರೂರಿನ ಅಂಗನವಾಡಿಯಲ್ಲಿ ಮೂವತ್ತು ವರ್ಷ ಜೊತೆಗೆ ದುಡಿದ ಗೆಳತಿಯರು ನಾವು, ತಾಯಂದಿರಿಗೆ ಹೇಳಿದ್ದೇನು? ಭೇದಿಯಾದಾಗ ನೀರು ನಿಲ್ಲಿಸಬೇಡಿ, ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ ಎಂದು. ನೀರಿಗೆ ಕಲಸುವ ಆ ಓಆರ್‌ಎಸ್ ಪುಡಿಯ ನಾಲ್ಕು ಪಾಕೀಟು ನನ್ನ ಚೀಲದಲ್ಲೇ ಇದ್ದವು. ಆದರೆ ನಾವು ದೇಶ ದಾಟಿದ ದೊಡ್ಡವರು, ಕೂಸುಗಳಲ್ಲವಲ್ಲ!

ಹೊರಡುವಾಗ ಯಾತ್ರೆ ನಡೆಸುತ್ತಿದ್ದ ಶಿವಪ್ರಕಾಶ ‘ಎಲ್ಲಾರೂ ಆರಾಮ ಅದೀರಿಲ್ರಿ?’ ಎಂದು ಕೇಳಿದ. ನೀನು ಬಾಯಿ ತೆರೆಯುವ ಮೊದಲೇ ನಾನು ‘ಅದೇವ್ರಿ’ ಎಂದುಬಿಟ್ಟೆ. ನಿನ್ನ ಮಾನ ಕಾಯಲು ಹಾಗೆಂದೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ನಿನ್ನನ್ನು ಹೋಟೆಲಿನಲ್ಲಿ ಬಿಟ್ಟರೆ ಜೊತೆಗೆ ನನ್ನನ್ನೇ ಕೂಡಿಸುತ್ತಾರೆ, ಪಶುಪತಿನಾಥನ ದರ್ಶನ ತಪ್ಪಿಹೋಗುತ್ತದೆ ಎಂಬ ಹೆದರಿಕೆ ಅದು.

ಮಧ್ಯಾಹ್ನ ನೀನು ನನ್ನ ನೀರಿನ ಬಾಟಲಿಗೆ ಕೈ ಚಾಚಿದೆ. ನಾನು ಅದನ್ನು ಆ ಕಡೆ ಸರಿಸಿಟ್ಟೆ. ನೀನು ನನ್ನ ಮುಖ ನೋಡಿ ಕೈ ಹಿಂದೆಳೆದುಕೊಂಡೆ. ಕಠ್ಮಂಡು ಮುಟ್ಟುವಾಗ ನಿನಗೆ ಎಚ್ಚರವಿರಲಿಲ್ಲ. ಮೂರನೆಯ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟೆ.

ಅಂದಿನಿಂದ ಅಡಿಗೆಮನೆಯಲ್ಲಿ ನಾನು ತಂಬಿಗೆ ಎತ್ತಿದರೆ ಸಾಕು, ನೀನು ಹೊಸ್ತಿಲಲ್ಲಿ ನಿಂತಿರುತ್ತಿದ್ದೆ. ಆವತ್ತು ಬಸ್ಸಿನಲ್ಲಿ ಉಟ್ಟಿದ್ದ ಅದೇ ಕೆಂಪು ಸೆರಗಿನ ಇಳಕಲ್ ಸೀರೆ. ಕೈ ಚಾಚುತ್ತಿದ್ದೆ. ‘ತಗೋ’ ಎಂದು ಹಿಡಿದರೆ ಯಾರೂ ಇಲ್ಲ. ಎಷ್ಟು ಸಲ ನನ್ನ ಕಾಲ ಮೇಲೇ ನೀರು ಚೆಲ್ಲಿಕೊಂಡಿದ್ದೇನೆ.

ಹೋದ ವಾರ ನಿನ್ನ ಮಗಳು ಶೀಲಾ ಹುನಗುಂದದಿಂದ ಬಂದಿದ್ದಳು. ‘ಚಿಗವ್ವ, ಅವ್ವ ಕಡೀಕ ನೀರರ ಕೇಳಿದ್ಳೇನು?’ ಎಂದಳು. ಇನ್ನು ಮುಚ್ಚಿಡಲು ನನ್ನಿಂದ ಆಗಲಿಲ್ಲ. ‘ಕೇಳಿದ್ಳವಾ. ನಾ ಕೊಡಲಿಲ್ಲ’ ಎಂದೆ. ಎಲ್ಲವನ್ನೂ ಹೇಳಿದೆ. ಅವಳು ಚಹಾ ಅಲ್ಲೇ ಬಿಟ್ಟು ಎದ್ದು ಹೋದಳು. ಫೋನೂ ಎತ್ತುತ್ತಿಲ್ಲ.

ಆವತ್ತಿನಿಂದ ನೀನೂ ಬಂದಿಲ್ಲ. ದಿನಕ್ಕೆ ಹತ್ತು ಸಲ ತಂಬಿಗೆ ಎತ್ತಿ ಹೊಸ್ತಿಲು ನೋಡುತ್ತೇನೆ. ಹೆದರಿಸಲಿಕ್ಕಾದರೂ ಒಮ್ಮೆ ಬಾರೇ. ನನಗೆ ಇನ್ಯಾರಿದ್ದಾರೆ?

ಎಲ್ಲಿದ್ದರೂ ತಣ್ಣಗಿರು.

ನಿನ್ನ
ಕಸ್ತೂರಿ